ಸ್ವಯಂ ಮರುಚಾಲನೆಯ ಚರಿತ್ರೆ

ಮನೆಯ ಇಂಟರ್‌ನೆಟ್ ನಿಂತುಹೋದಾಗ ನಾವು ಮೊದಲು ಮಾಡುವ ಕೆಲಸವೇನು? ರೌಟರಿನ ಸ್ವಿಚ್ಚು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುತ್ತೇವೆ. ಅನೇಕ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಆದರೆ ದೀಪ, ನೀರಿನ ಪಂಪು, ಬಾಗಿಲ ಕ್ಯಾಮೆರಾ ಎಲ್ಲವನ್ನೂ ಈ ಜಾಲಕ್ಕೆ ಜೋಡಿಸಿರುವ ಮನೆಯಲ್ಲಿ, ಮನೆಯವರು ಊರಿಗೆ ಹೋಗಿದ್ದಾಗ ಸ್ವಿಚ್ಚು ಒತ್ತುವವರಾರು? ಆ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವ ಏರ್ಪಾಡು ಈಗ ಇದೆ. ಒಂದು ಚಿಕ್ಕ ಸಾಧನ ಹೊರಗಿನ ಯಾವುದಾದರೊಂದು ಕಂಪ್ಯೂಟರನ್ನು ಆಗಾಗ ಕರೆದು ನೋಡುತ್ತದೆ. ಉತ್ತರ ಬಾರದಿದ್ದರೆ ರಿಲೇ ಮೂಲಕ ರೌಟರಿನ ವಿದ್ಯುತ್ತನ್ನು ಕಡಿದು ಮತ್ತೆ ಕೊಡುತ್ತದೆ. ಇದು ತೀರ ಹೊಸ ಜಾಣ್ಮೆಯೆಂದು ತೋರಬಹುದು. ವಾಸ್ತವವಾಗಿ ಈ ಉಪಾಯಕ್ಕೂ ಕಂಪ್ಯೂಟರ್ ಜಾಲಕ್ಕೂ ಒಂದೇ ವಯಸ್ಸು. ಇದರ ಅಪಾಯವೂ ಬಹಳ ಹಿಂದೆಯೇ ಬಯಲಾಗಿದೆ.

ಇಂದಿನ ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಅಮೆರಿಕದಲ್ಲಿ ಆರಂಭವಾದದ್ದು 1969ರಲ್ಲಿ. ದೂರದೂರದ ವಿಶ್ವವಿದ್ಯಾನಿಲಯಗಳ ಕಂಪ್ಯೂಟರುಗಳನ್ನು ದೂರವಾಣಿ ಮಾರ್ಗಗಳಿಂದ ಜೋಡಿಸಲು ಪ್ರತಿ ಸ್ಥಳದಲ್ಲೂ ಒಂದು ಮಧ್ಯವರ್ತಿ ಯಂತ್ರ ಬೇಕಾಗಿತ್ತು. ಅದರ ಹೆಸರು 'ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್', ಚಿಕ್ಕದಾಗಿ 'ಇಂಪ್'. ಇಂದಿನ ರೌಟರಿನ ಅಜ್ಜನೆನ್ನಬಹುದು. ಗಾತ್ರದಲ್ಲಿ ಮಾತ್ರ ದೊಡ್ಡ ರೆಫ್ರಿಜರೇಟರಿನಷ್ಟಿತ್ತು! ಹನಿವೆಲ್ ಕಂಪನಿಯ ಡಿಡಿಪಿ-516 ಗಣಕವನ್ನು ಆಧರಿಸಿ ಇದನ್ನು ರೂಪಿಸಿದವರು ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದ ಬಿ.ಬಿ.ಎನ್. ಸಂಸ್ಥೆಯವರು. ತಂಡದ ನಾಯಕ ಫ್ರಾಂಕ್ ಹಾರ್ಟ್.

ಸಾವಿರಾರು ಕಿಲೋಮೀಟರ್ ದೂರದ ಲಾಸ್ ಏಂಜಲೀಸಿನಲ್ಲಿ ಇಂಪ್ ಕೆಟ್ಟರೆ ಕೇಂಬ್ರಿಜ್‌ನಿಂದ ಯಾರೂ ತಕ್ಷಣ ಓಡಿಹೋಗಲು ಸಾಧ್ಯವಿರಲಿಲ್ಲ. ಕುತೂಹಲದ ವಿದ್ಯಾರ್ಥಿಗಳು ಯಂತ್ರಕ್ಕೆ ಕೈಹಾಕಿಯಾರೆಂಬ ಅಂಜಿಕೆಯೂ ಹಾರ್ಟ್ ಅವರಿಗೆ ಇತ್ತು. ಆದ್ದರಿಂದ ಇಂಪ್ ಯಾರ ಆರೈಕೆಯೂ ಇಲ್ಲದೆ ನಡೆಯಬೇಕೆಂದು ತಂಡ ನಿಶ್ಚಯಿಸಿತು. ವಿದ್ಯುತ್ ಹೋಗಿ ಬಂದರೆ ಅದು ತಾನಾಗಿಯೇ ಕೆಲಸ ಮುಂದುವರಿಸಬೇಕು. ಇದಲ್ಲದೆ ಒಳಗೊಂದು ಕಾವಲು ಗಡಿಯಾರವನ್ನೂ ಇಟ್ಟರು. ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಮು ಈ ಗಡಿಯಾರವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸುತ್ತಿರಬೇಕು. ತಿರುಗಿಸದೆ ಹೋಯಿತೋ, ಪ್ರೋಗ್ರಾಮು ದಾರಿ ತಪ್ಪಿದೆಯೆಂದೇ ಅರ್ಥ. ಆಗ ಅಧಿಕಾರವೆಲ್ಲ ನೆನಪಿನ ಭದ್ರವಾದ ಒಂದು ಮೂಲೆಯಲ್ಲಿರುವ ಚಿಕ್ಕ ಪ್ರೋಗ್ರಾಮಿಗೆ ವರ್ಗವಾಗುತ್ತದೆ; ಅದು ಯಂತ್ರವನ್ನು ಹೊಸದಾಗಿ ಎಬ್ಬಿಸಲು ಯತ್ನಿಸುತ್ತದೆ. ಮುಂದೆ ಪ್ರೋಗ್ರಾಮು ಪೂರ್ತಿ ಹಾಳಾದರೆ ನೆರೆಯ ಇಂಪ್‌ನಿಂದಲೇ ಹೊಸ ಪ್ರತಿ ತರಿಸಿಕೊಳ್ಳುವ ಸೌಕರ್ಯವೂ ಬಂತು. ಅದೇ 1969ರ ಜುಲೈನಲ್ಲಿ ಚಂದ್ರನ ಮೇಲೆ ಇಳಿಯುತ್ತಿದ್ದ ಅಪೋಲೋ-11ರ ಗಣಕ ಕೆಲಸದ ಹೊರೆ ಹೆಚ್ಚಾಗಿ ಹಲವು ಬಾರಿ ಮರುಚಾಲನೆಗೊಂಡು, ಅತ್ಯಗತ್ಯವಾದ ಕೆಲಸಗಳನ್ನಷ್ಟೇ ಮುಂದುವರಿಸಿ ನೌಕೆಯನ್ನು ಉಳಿಸಿತ್ತು. ಆ ಕಾಲದ ಎಂಜಿನಿಯರುಗಳಿಗೆ ಮರುಚಾಲನೆಯೆಂದರೆ ಸೋಲಲ್ಲ, ಒಂದು ಶಿಸ್ತು.

ಈ ಮದ್ದು ಹೇಗೆ ಕೆಲಸ ಮಾಡುತ್ತದೆ? ಬಹಳ ಕಾಲ ಎಡೆಬಿಡದೆ ನಡೆದ ಯಂತ್ರದ ನೆನಪಿನಲ್ಲಿ ತಪ್ಪು ಲೆಕ್ಕಗಳು, ಮುಗಿಯದ ಕೆಲಸಗಳು ಕೂಡಿಕೊಳ್ಳುತ್ತವೆ. ವಿದ್ಯುತ್ ಕಡಿದರೆ ರೌಟರಿನ ತಾತ್ಕಾಲಿಕ ನೆನಪು ಅಳಿಸಿಹೋಗುತ್ತದೆ. ಹತ್ತು ಎಣಿಸುವುದೂ ಬರಿಯ ರೂಢಿಯಲ್ಲ; ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಅಷ್ಟು ಹೊತ್ತು ಬೇಕು. ಅಂದರೆ ಮರುಚಾಲನೆ ರೋಗವನ್ನು ಕಂಡುಹಿಡಿಯುವುದಿಲ್ಲ, ಮರೆಸುತ್ತದೆ. ರೋಗ ಪಕ್ಕದ ಮನೆಯಲ್ಲೂ ಇದ್ದರೆ?

1980ರ ಅಕ್ಟೋಬರ್ 27ರಂದು ಆದದ್ದು ಇದೇ. ಪ್ರತಿಯೊಂದು ಇಂಪ್ ತನ್ನ ಮಾರ್ಗಗಳ ಸ್ಥಿತಿಯನ್ನು ಕುರಿತು ಆಗಾಗ ವರದಿ ಕಳುಹಿಸುತ್ತಿತ್ತು. ವರದಿಗಳಿಗೆ 0ಯಿಂದ 63ರವರೆಗೆ ಕ್ರಮಸಂಖ್ಯೆ. 63ರ ನಂತರ ಮತ್ತೆ 0, ಗಡಿಯಾರದ ಮುಳ್ಳಿನಂತೆ. ಎರಡು ವರದಿಗಳಲ್ಲಿ ಯಾವುದು ಹೊಸದು? ಒಂದರಿಂದ ಮುಂದಕ್ಕೆ ಎಣಿಸಿದಾಗ 32 ಹೆಜ್ಜೆಯೊಳಗೆ ಸಿಗುವುದೇ ಹೊಸದೆಂಬುದು ನಿಯಮ. ಅಂದು ಯಂತ್ರಾಂಶದ ದೋಷದಿಂದ ಕೆಲವು ಬಿಟ್‌ಗಳು ಉದುರಿ, ಒಂದೇ ಇಂಪ್‌ನ ಹೆಸರಿನಲ್ಲಿ 8, 40, 44 ಎಂಬ ಸಂಖ್ಯೆಗಳ ಮೂರು ವರದಿಗಳು ಹುಟ್ಟಿಕೊಂಡವು. 44ನ್ನು ದ್ವಿಮಾನದಲ್ಲಿ ಬರೆದರೆ 101100. ಒಂದು 1 ಉದುರಿದರೆ 101000, ಅಂದರೆ 40. ಇನ್ನೊಂದು ಉದುರಿದರೆ 001000, ಅಂದರೆ 8. ಕಾಗದದ ಮೇಲೆ ನೀವೇ ಲೆಕ್ಕ ಹಾಕಿ ನೋಡಿ: 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ ಮತ್ತೆ 8 ಹೊಸದು! ಮೂರೂ ವರದಿಗಳು ಒಂದನ್ನೊಂದು ಅಟ್ಟುತ್ತ ಜಾಲವನ್ನೆಲ್ಲ ತುಂಬಿದವು. ಉಳಿದ ಸಂದೇಶಗಳಿಗೆ ಇಂಪ್‌ಗಳ ಬಳಿ ಪುರುಸೊತ್ತೇ ಉಳಿಯಲಿಲ್ಲ.

ಇಲ್ಲಿ ಯಾವುದೋ ಒಂದು ಇಂಪನ್ನು ಆರಿಸಿ ಹೊತ್ತಿಸಿ ಫಲವಿರಲಿಲ್ಲ. ಅದು ಶುದ್ಧವಾಗಿ ಎದ್ದರೂ ನೆರೆಯವು ಮರುಕ್ಷಣವೇ ಅದೇ ವರದಿಗಳನ್ನು ಕೊಡುತ್ತಿದ್ದವು. ಎಲ್ಲವನ್ನೂ ಒಟ್ಟಿಗೆ ಆರಿಸೋಣವೆಂದರೆ ಅವು ದೇಶದ ಉದ್ದಗಲಕ್ಕೂ ಹರಡಿದ್ದವು. ಕೊನೆಗೆ, ಆ ಇಂಪ್‌ನ ಹೆಸರಿನ ವರದಿಗಳನ್ನು ಲೆಕ್ಕಿಸಬಾರದೆಂಬ ತಿದ್ದುಪಡಿಯನ್ನು ಎಲ್ಲ ಇಂಪ್‌ಗಳಿಗೂ ಸೇರಿಸಿ ಜಾಲವನ್ನು ಬಿಡಿಸಿದರು. ಅಷ್ಟರಲ್ಲಿ ಹಲವು ತಾಸುಗಳು ಕಳೆದಿದ್ದವು. ಬಿ.ಬಿ.ಎನ್.ನ ಎರಿಕ್ ರೋಸೆನ್ 1981ರಲ್ಲಿ ಈ ಘಟನೆಯನ್ನು ಕುರಿತು ಬರೆದ ವರದಿ, ಆಸಕ್ತ ವಿದ್ಯಾರ್ಥಿಗಳು ಇಂದಿಗೂ ಓದಬೇಕಾದದ್ದು.

ಸುಮಾರು ಒಂಬತ್ತು ವರ್ಷಗಳ ನಂತರ ಮರುಚಾಲನೆಯೇ ರೋಗವನ್ನು ಹರಡಿತು. 1990ರ ಜನವರಿ 15ರಂದು ಅಮೆರಿಕದ ಎ.ಟಿ. ಅಂಡ್ ಟಿ. ದೂರವಾಣಿ ಕಂಪನಿಯ ನ್ಯೂಯಾರ್ಕಿನ ಸ್ವಿಚ್ಚೊಂದು ಚಿಕ್ಕ ದೋಷಕ್ಕಾಗಿ ಕೆಲವೇ ಸೆಕೆಂಡುಗಳಲ್ಲಿ ತನ್ನನ್ನು ಸರಿಪಡಿಸಿಕೊಂಡು ಎದ್ದಿತು. ಎದ್ದೆನೆಂದು ನೆರೆಯವಕ್ಕೆ ಸಂದೇಶ ಕಳುಹಿಸಿತು. ನೆರೆಯ ಸ್ವಿಚ್ಚುಗಳ ಹೊಸ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು: ಬೆನ್ನುಬೆನ್ನಿಗೆ ಎರಡು ಸಂದೇಶ ಬಂದರೆ ಅವು ಗಲಿಬಿಲಿಗೊಂಡು ತಾವೂ ಮರುಚಾಲನೆಗೊಳ್ಳುತ್ತಿದ್ದವು. ಎದ್ದ ಮೇಲೆ ಅವೂ ನೆರೆಯವಕ್ಕೆ ಅದೇ ಸಂದೇಶ ಕಳುಹಿಸಿದವು! ಹೀಗೆ 114 ಸ್ವಿಚ್ಚುಗಳು ಒಂದರ ಹಿಂದೊಂದು ಬಿದ್ದು ಏಳುತ್ತಿರುವಾಗ ಒಂಬತ್ತು ಗಂಟೆಗಳ ಕಾಲ ದೂರದ ಕರೆಗಳು ಅಸ್ತವ್ಯಸ್ತವಾದವು. ಜಾಲದ ಮೇಲಿನ ಹೊರೆಯನ್ನು ಇಳಿಸಿದ ಮೇಲೆಯೇ ಅದು ತಹಬಂದಿಗೆ ಬಂದದ್ದು.

ಮನೆಯ ಕಾವಲು ಸಾಧನವನ್ನು ಕಟ್ಟುವವರಿಗೆ ಇವೆರಡೂ ಘಟನೆಗಳು ಕೈಗೆ ಬರುವಂಥವು. ಒಂದು ಕರೆಗೆ ಉತ್ತರ ಬರಲಿಲ್ಲವೆಂದು ಕೂಡಲೆ ವಿದ್ಯುತ್ ಕಡಿಯಬಾರದು. ಹಲವು ಸಲ, ಬೇರೆ ಬೇರೆ ವಿಳಾಸಗಳಿಗೆ ಕರೆದು ನೋಡಬೇಕು. ಹೊರಗಿನ ತಂತಿಯೇ ತುಂಡಾಗಿದ್ದರೆ ರೌಟರನ್ನು ನೂರು ಸಲ ಆರಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಎರಡು ಮೂರು ಯತ್ನಗಳ ನಂತರ ಸುಮ್ಮನಿರುವುದನ್ನೂ ಅದಕ್ಕೆ ಕಲಿಸಬೇಕು. ರೌಟರ್ ಪೂರ್ತಿ ಎಚ್ಚರಗೊಳ್ಳಲು ಕೆಲವು ನಿಮಿಷಗಳೇ ಬೇಕು. ಅಷ್ಟು ಕಾಯದಿದ್ದರೆ ಎದ್ದೇಳುತ್ತಿರುವುದನ್ನೇ ಮತ್ತೆ ಮತ್ತೆ ಬೀಳಿಸಿದಂತಾಗುತ್ತದೆ. ಇನ್ನೊಂದು ತೊಡಕು ತಮಾಷೆಯದು. ಆಜ್ಞೆಯನ್ನು ಅದೇ ರೌಟರಿನ ಮೂಲಕ ಕೇಳುವ ಪ್ಲಗ್ಗನ್ನು ಬಳಸಿದರೆ 'ಆರಿಸು' ಎಂಬ ಮಾತು ಅದಕ್ಕೆ ತಲುಪಬಹುದು, 'ಹೊತ್ತಿಸು' ಎಂಬುದು ಎಂದಿಗೂ ತಲುಪದು. ತಿಳಿದವರು ಕಾವಲು ಸಾಧನವನ್ನು ರೌಟರಿನ ಹಂಗಿಲ್ಲದೆ ನಡೆಯುವಂತೆ ಮಾಡಿ, ರಿಲೇ ಸುಮ್ಮನಿದ್ದಾಗ ವಿದ್ಯುತ್ ಹರಿಯುತ್ತಲೇ ಇರುವಂತೆ ತಂತಿ ಜೋಡಿಸುತ್ತಾರೆ. ಆಗ ಕಾವಲಿನ ಸಾಧನವೇ ಕೆಟ್ಟು ನಿಂತರೂ ರೌಟರಿನ ದೀಪ ಆರುವುದಿಲ್ಲ.