ಪರಿಸರ ಪತ್ರಿಕೆಯ ಕೆಲಸಗಾರರು ಯಾರು?

ಪತ್ರಿಕೆಯ ಚರಿತ್ರೆ ಬರೆಯುವವರು ಸಂಪಾದಕನ ಹೆಸರಿನಿಂದ ಶುರು ಮಾಡುತ್ತಾರೆ. ಅವನು ಎಲ್ಲಿ ಓದಿದ, ಯಾರನ್ನು ಎದುರು ಹಾಕಿಕೊಂಡ, ಯಾವ ಬಹುಮಾನ ಬಂತು. ಅಷ್ಟಾದರೆ ಚರಿತ್ರೆ ಮುಗಿಯಿತು. ಮೊಳೆ ಜೋಡಿಸಿದವನು, ಕಾಗದದ ಹೊರೆ ಹೊತ್ತವನು, ಸುದ್ದಿಗೆ ತನ್ನ ಮೈಯನ್ನೇ ಸಾಕ್ಷಿ ಕೊಟ್ಟವಳು ಅದರಲ್ಲಿ ಬರುವುದಿಲ್ಲ. ಅರಮನೆಯ ಚರಿತ್ರೆಯಲ್ಲಿ ಕಲ್ಲು ಹೊತ್ತವರು ಬರದ ಹಾಗೆ. ಪರಿಸರ ಪತ್ರಿಕೆಯ ಚರಿತ್ರೆಯನ್ನು ಒಮ್ಮೆ ಕೇರಿಯ ಕಡೆಯಿಂದ ಓದಿ ನೋಡೋಣ. ನಾವು ಕೇಳುವುದು ಇಷ್ಟೆ: ಅದರಲ್ಲಿ ದುಡಿದವರು ಯಾರು, ಹೆಸರು ಬಂದದ್ದು ಯಾರದು?

ದೆಹಲಿಯಿಂದಲೇ ಹೊರಡೋಣ. ಅನಿಲ್ ಅಗರ್‌ವಾಲ್ ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿ, ಆ ಕೆಲಸ ಬಿಟ್ಟು ಪತ್ರಕರ್ತರಾದವರು. 1980ರಲ್ಲಿ ಅವರು ವಿಜ್ಞಾನ ಮತ್ತು ಪರಿಸರ ಕೇಂದ್ರವನ್ನು ಕಟ್ಟಿದರು. 1982ರಲ್ಲಿ ಆ ಕೇಂದ್ರದಿಂದ ಭಾರತದ ಪರಿಸರದ ಬಗ್ಗೆ ಪ್ರಜೆಗಳ ಮೊದಲ ವರದಿ ಹೊರಬಂತು. ಅಗರ್‌ವಾಲ್ ಜೊತೆಗೆ ರವಿ ಚೋಪ್ರಾ, ಕಲ್ಪನಾ ಶರ್ಮಾ ಅದರ ಸಂಪಾದಕರು. ಸರಕಾರದ ವರದಿಯಲ್ಲ, ಪ್ರಜೆಗಳ ವರದಿ. ಪರಿಸರ ಎಂದರೆ ಹುಲಿ, ಹೂವು, ಪಟ್ಟಣದವರ ಪಿಕ್ನಿಕ್ಕು ಎಂದುಕೊಂಡಿದ್ದ ಕಾಲದಲ್ಲಿ ಸೌದೆ, ಮೇವು, ನೀರು, ಬಡ ಹೆಂಗಸಿನ ದಿನದ ನಡಿಗೆ ಇವೇ ಪರಿಸರ ಎಂದು ಹೇಳಿದ್ದು ಸಣ್ಣ ಮಾತಲ್ಲ. ಇದನ್ನು ನಾವು ಮನಸ್ಸಿಟ್ಟು ಒಪ್ಪುತ್ತೇವೆ.

ಆ ವರದಿಯನ್ನು 1983ರಲ್ಲಿ ಕನ್ನಡಕ್ಕೆ ತಂದವರು ಶಿವರಾಮ ಕಾರಂತರು. ಅದಕ್ಕೆ ಐವತ್ತು ವರ್ಷ ಮುಂಚೆ 'ಚೋಮನ ದುಡಿ' ಬರೆದವರೂ ಅವರೇ. ಚೋಮನ ಹತ್ತಿರ ಎತ್ತಿದ್ದವು, ಉಳುವುದಕ್ಕೆ ಹೊಲ ಇರಲಿಲ್ಲ. ಭೂಮಿ ಹಾಳಾಗುತ್ತಿದೆ ಎನ್ನುವ ವರದಿಯನ್ನು ಓದುವಾಗ ಚೋಮನ ಪ್ರಶ್ನೆ ನಮ್ಮ ಬೆನ್ನು ಬಿಡುವುದಿಲ್ಲ. ಯಾರ ಭೂಮಿ ಸ್ವಾಮಿ?

1991ರಲ್ಲಿ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಇನ್ನೊಂದು ಜಗಳ ತೆಗೆದರು. ಭೂಮಿಯ ಬಿಸಿ ಏರುವುದಕ್ಕೆ ಭಾರತದಂಥ ದೇಶಗಳೂ ದೊಡ್ಡ ಕಾರಣ ಎಂದು ವಾಷಿಂಗ್ಟನ್ನಿನ ಸಂಸ್ಥೆಯೊಂದು ಲೆಕ್ಕ ಕೊಟ್ಟಿತ್ತು. ಇವರಿಬ್ಬರೂ ಆ ಲೆಕ್ಕವನ್ನು ತಿರುವಿ ಹಾಕಿದರು. ಬಡ ರೈತನ ಭತ್ತದ ಗದ್ದೆಯಿಂದ ಏಳುವ ಅನಿಲವನ್ನೂ ಸಾಹುಕಾರ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಒಂದು ಬದುಕಲಿಕ್ಕೆ, ಇನ್ನೊಂದು ಮೋಜಿಗೆ. ಆಕಾಶ ಎಲ್ಲರದು, ಅದನ್ನು ತಲೆ ಎಣಿಸಿ ಹಂಚಿರಿ ಎಂದರು. ಇದನ್ನು ಪರಿಸರದ ವಸಾಹತುಶಾಹಿ ಎಂದು ಕರೆದರು.

ಸರಿಯಾದ ಮಾತು. ಆದರೆ ಈ ತಕ್ಕಡಿಯನ್ನು ಹಳ್ಳಿಯೊಳಕ್ಕೂ ತನ್ನಿ ಎನ್ನುತ್ತೇವೆ ನಾವು. ಅಮೆರಿಕಕ್ಕೂ ಭಾರತಕ್ಕೂ ನಡುವೆ ಆಕಾಶವನ್ನು ತಲೆ ಎಣಿಸಿ ಹಂಚಬೇಕಾದರೆ, ಊರಿಗೂ ಕೇರಿಗೂ ನಡುವೆ ಕೆರೆಯನ್ನು, ಗೋಮಾಳವನ್ನು, ಸುಡುಗಾಡನ್ನು ಹಾಗೆಯೇ ಹಂಚಬೇಕಲ್ಲವೆ? ಹೊರಗಿನ ವಸಾಹತುಶಾಹಿ ಕಂಡ ಕಣ್ಣಿಗೆ ಒಳಗಿನದೂ ಕಾಣಬೇಕು.

1992ರಲ್ಲಿ, ರಿಯೋ ಶೃಂಗಸಭೆಯ ಹೊಸ್ತಿಲಲ್ಲಿ, ಇದೇ ಕೇಂದ್ರದವರು 'ಡೌನ್ ಟು ಅರ್ಥ್' ಎಂಬ ಇಂಗ್ಲಿಷ್ ಪಾಕ್ಷಿಕ ಶುರು ಮಾಡಿದರು. ಅಲ್ಲಿ ಸೇರಿದವರು ಊರೂರು ಅಲೆದು, ದಾಖಲೆ ತೆಗೆದು, ಕಂಪನಿಗಳ ಕೋಪವನ್ನು ತಡೆದುಕೊಂಡು ಬರೆದರು. ಕ್ಯಾನ್ಸರ್ ಹಿಡಿದ ಮೇಲೂ ಅಗರ್‌ವಾಲ್ ತಮ್ಮ ಕಾಯಿಲೆಯನ್ನೇ ವಿಷಯ ಮಾಡಿಕೊಂಡು ಬರೆದರು. 2002ರ ಜನವರಿಯಲ್ಲಿ ತೀರಿಕೊಂಡರು. ಈ ದುಡಿಮೆಯನ್ನು ನಾವು ತಳ್ಳಿಹಾಕುವುದಿಲ್ಲ.

ಅವರ ಕೆಲಸ ನಮ್ಮ ಮಾತಿನ ನೆಲಕ್ಕೂ ಬಂತು. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ಮನೆ, ಶಾಲೆ, ಬಾವಿ. ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಪಡ್ರೆ ಎಂಬ ಊರಿನಲ್ಲಿ ಡಾಕ್ಟರ್ ಮೋಹನ ಕುಮಾರ್ ರೋಗಿಗಳ ಲೆಕ್ಕ ಬರೆದಿಟ್ಟರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಕೋರ್ಟಿನ ಮೆಟ್ಟಿಲು ಹತ್ತಿದರು. ಸಿಂಪಡಿಸುವುದು 2000ದಲ್ಲಿ ನಿಂತಿತು. 2001ರಲ್ಲಿ ದೆಹಲಿಯ ಕೇಂದ್ರದವರು ಪಡ್ರೆಯ ಜನರ ರಕ್ತ, ಬಾವಿಯ ನೀರು, ಮಣ್ಣನ್ನು ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ವಿಷ ಇದೆ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಉದ್ಯಮದವರು ಇಲ್ಲ ಎಂದರು. ಸಮಿತಿಗಳು ಕೂತವು, ಎದ್ದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಗಡಿಯ ಈಚೆ, ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಸುತ್ತಲೂ ಇದೇ ಕತೆ.

ಈಗ ಹೇಳಿ, ಆ ಸಂಚಿಕೆಯ ಕೆಲಸಗಾರರು ಯಾರು? ವರದಿಗಾರ ಹೌದು, ಪ್ರಯೋಗಾಲಯದವನು ಹೌದು. ತೋಳು ಚಾಚಿ ರಕ್ತ ಕೊಟ್ಟವರು? ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕ್ಯಾಮೆರಾ ಮುಂದೆ ನಿಂತ ತಾಯಿ? ಅವರಿಲ್ಲದೆ ಆ ಪುಟ ಖಾಲಿ. ಕೂಲಿಯಿಲ್ಲದ ಈ ಕೆಲಸಕ್ಕೆ ನಮ್ಮ ಪತ್ರಿಕೋದ್ಯಮದಲ್ಲಿ ಹೆಸರೇ ಇಲ್ಲ. ಅವರನ್ನು 'ವಿಷಯ' ಎನ್ನುತ್ತಾರೆ.

ಶ್ರೀಪಡ್ರೆಯವರು ದುಡಿದ 'ಅಡಿಕೆ ಪತ್ರಿಕೆ' 1988ರಲ್ಲಿ ಪುತ್ತೂರಿನಿಂದ ಹೊರಟಿತು. ಕೃಷಿಕ ತಾನೇ ಬರೆಯಲಿ ಎಂದು ಹಟ ಹಿಡಿದು ಅವನ ಕೈಗೆ ಪೆನ್ನು ಕೊಟ್ಟಿತು. ಇದು ದೊಡ್ಡ ಹೆಜ್ಜೆ. ಪೆನ್ನು ತೋಟದ ಯಜಮಾನನವರೆಗೆ ಬಂತು. ಅಡಿಕೆ ಸುಲಿಯುವ ಹೆಂಗಸಿನ ಕೈಗೆ, ಔಷಧಿ ಹೊಡೆಯುವ ಕೂಲಿಯವನ ಕೈಗೆ ಬರುವುದು ಇನ್ನೂ ಬಾಕಿ ಇದೆ.

ಪಟ್ಟಣದ ಪತ್ರಿಕಾಲಯಗಳ ಸ್ಥಿತಿ ಏನು? 1996ರಲ್ಲಿ ಬಿ. ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಹೊರಟರು. ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಒಬ್ಬನೂ ಸಿಗಲಿಲ್ಲ. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಮತ್ತೆ ಎಣಿಸಿದವು. ಅವರು ನೋಡಿದ ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲುಜಾತಿಯವರ ಕೈಯಲ್ಲಿದ್ದವು. ದಲಿತರು ಸೊನ್ನೆ, ಆದಿವಾಸಿಗಳು ಸೊನ್ನೆ. ಇಪ್ಪತ್ತಮೂರು ವರ್ಷ ಕಳೆದರೂ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಇದರ ಫಲ ಬರೆಹದಲ್ಲಿ ಕಾಣುತ್ತದೆ. ನದಿ ಮಲಿನವಾಯಿತು ಎಂದು ಪುಟಗಟ್ಟಲೆ ಬರೆಯುತ್ತೇವೆ. ನದಿಗೆ ಹೋಗುವ ಗಟಾರದೊಳಗೆ ಇಳಿದು ಸತ್ತವನು ಅಪಘಾತದ ಕಾಲಂ ಸೇರುತ್ತಾನೆ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸರಕಾರದಲ್ಲಿ, ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಎಂದು ಆಜ್ಞೆ ಮಾಡಿದರು. 1973ರ ಬೂಸಾ ಗಲಾಟೆ ಎಲ್ಲರಿಗೂ ನೆನಪಿದೆ, ಈ ಆಜ್ಞೆ ಎಷ್ಟು ಜನಕ್ಕೆ ನೆನಪಿದೆ? ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಮಲ ಬಳಿಯುವವರ ಮನೆಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್, ಅದರ ವಿರುದ್ಧ 1980ರ ದಶಕದಲ್ಲಿ ಪತ್ರ ಬರೆಯಲು ಶುರು ಮಾಡಿದರು. ಅವರ ಸಫಾಯಿ ಕರ್ಮಚಾರಿ ಆಂದೋಲನ ಹಾಕಿದ ದಾವೆಗೆ 2014ರಲ್ಲಿ ತೀರ್ಪು ಬಂತು: ಗಟಾರದಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ. 2023ರಲ್ಲಿ ಅದನ್ನು ಸುಪ್ರೀಂ ಕೋರ್ಟು 30 ಲಕ್ಷಕ್ಕೆ ಏರಿಸಿತು. ನಮ್ಮ ಮಟ್ಟಿಗೆ ಇವೇ ಪರಿಸರದ ದೊಡ್ಡ ಸುದ್ದಿಗಳು.

ಹಾಗೆ ನೋಡಿದರೆ ನಮ್ಮ ಪರಿಸರ ಪತ್ರಿಕೆಗೆ ವಯಸ್ಸು ಜಾಸ್ತಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಎರಡು ವಾರಕ್ಕೆ, ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ಹೊರಬಂತು. ಕೆರೆ ಯಾರದು ಎಂಬ ಪ್ರಶ್ನೆಯನ್ನು ಹೊತ್ತು ಹುಟ್ಟಿದ ಪತ್ರಿಕೆ ಅದು. ಆ ಕೆರೆಯ ಮೊಕದ್ದಮೆ ಹೈಕೋರ್ಟಿನಲ್ಲಿ ಗೆಲ್ಲುವುದಕ್ಕೆ 1937ರವರೆಗೆ ಕಾಯಬೇಕಾಯಿತು. ಅಲ್ಲಿ ಬರೆದವನೂ ಬಾಯಾರಿದವನೂ ಬೇರೆ ಬೇರೆ ಆಗಿರಲಿಲ್ಲ.

ಆ ಪರಂಪರೆ ನಮ್ಮದು. ಮನೆಯಲ್ಲಿ ಮೊದಲ ಸಲ ಡಿಗ್ರಿ ಹಿಡಿದವರು ನಾವು. ಯಾರೋ ಬಂದು ನಮ್ಮನ್ನು ಬರೆದುಕೊಂಡು ಹೋಗಲಿ ಎಂದು ಕೂರುವುದು ಸಾಕು. ಹಳ್ಳಿಯ ಮೇಷ್ಟ್ರುಗಳೇ, ಒಂದು ನೋಟುಬುಕ್ಕು ಸಾಕು. ನಿಮ್ಮೂರ ಕೊಳಾಯಿಗಳಲ್ಲಿ ಯಾವುದಕ್ಕೆ ಮೊದಲು ನೀರು ಬರುತ್ತದೆ, ಗೋಮಾಳಕ್ಕೆ ಬೇಲಿ ಹಾಕಿದವರು ಯಾರು, ಸತ್ತ ದನ ಎಳೆಯುವವರು ಯಾರು, ಊರ ಕಸ ಯಾರ ಮನೆ ಮುಂದೆ ಬೀಳುತ್ತದೆ, ಇವನ್ನು ಮಕ್ಕಳ ಕೈಯಲ್ಲಿ ಬರೆಸಿ. ತಾರೀಖು ಹಾಕಿಸಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಬರೆದವರ ಹೆಸರಿನ ಪಕ್ಕದಲ್ಲೇ ಹಾಕಿಸಿ. ಪ್ರಜೆಗಳ ವರದಿ ಅಲ್ಲಿಂದ ಶುರುವಾಗಲಿ.