ಕೃಷ್ಣಾತೀರದ ದ್ರಾಕ್ಷಿ



ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನಲ್ಲಿ, ಮಿರಜಿಗೆ ಸಮೀಪವಾಗಿ, ಕೃಷ್ಣೆಯ ಎಡದಂಡೆಯ ಸೀಮೆಯಲ್ಲಿ ಕಾಗವಾಡವೆಂಬ ಊರಿದೆ. ಇದೂ ನೆರೆಯ ಅಥಣಿಯೂ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಆ ವರ್ಷದ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡಿದವು. ಹೊಳೆಯ ಮಗ್ಗುಲಲ್ಲಿ ಕಬ್ಬು; ಹೊಳೆಯಿಂದ ದೂರ ಸರಿದು ಐಗಳಿ, ತೆಲಸಂಗಗಳ ಕಡೆಗೆ ನಡೆದರೆ ದ್ರಾಕ್ಷಿ. ಈ ದ್ರಾಕ್ಷಿಯ ಬಹುಭಾಗವು ಒಣಗಿ ಮನೂಕವಾಗುತ್ತದೆಯೇ ಹೊರತು ಮದ್ಯವಾಗುವುದಿಲ್ಲ. ಇದಕ್ಕೆ ಕಾರಣವೇನು? ಆಚಾರವೇ, ಮಾರುಕಟ್ಟೆಯೇ, ಅಥವಾ ಹವೆಯೇ? ಈ ಪ್ರಶ್ನೆಯನ್ನು ಇಂದು ಕೊಂಚ ವಿಚಾರಿಸೋಣ.

ದ್ರಾಕ್ಷಿಯು ನಮ್ಮ ದೇಶಕ್ಕೆ ಹೊಸದಲ್ಲ. ಕಾಬೂಲಿನ ಬಳಿಯ ಕಾಪಿಶಿಯ ಹೆಸರಿನಿಂದ ಬಂದ ‘ಕಾಪಿಶಾಯನ’ ಶಬ್ದವನ್ನು ಪಾಣಿನಿಯು ಬಲ್ಲನು. ಕೌಟಿಲ್ಯನು ದ್ರಾಕ್ಷಾರಸದಿಂದಾದ ಮದ್ಯವನ್ನು ‘ಮಧು’ವೆಂದು ಕರೆದು, ಅದರ ಬಗೆಗಳಿಗೆ ಅವು ಹುಟ್ಟಿದ ದೇಶಗಳ ಹೆಸರನ್ನೇ ಹೇಳುತ್ತಾನೆ. ನೆಲ ಬೇರೆಯಾದರೆ ರಸವೂ ಬೇರೆ ಎಂಬ ತಿಳಿವು ಅಷ್ಟು ಪ್ರಾಚೀನವಾದುದು. ದಖ್ಖಣದಲ್ಲಿ, 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನು ದೌಲತಾಬಾದಿನ ದ್ರಾಕ್ಷಿಯು ವರ್ಷಕ್ಕೆ ಎರಡು ಸಲ ಫಲಿಸುವುದನ್ನು ಬರೆದಿಟ್ಟಿದ್ದಾನೆ.

ಈ ಎರಡು ಸಲದ ಮಾತಿನಲ್ಲಿಯೇ ನಮ್ಮ ವಿಷಯದ ಮರ್ಮವಿದೆ. ಫ್ರಾನ್ಸಿನಲ್ಲಿ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ವಸಂತದಲ್ಲಿ ತಾನಾಗಿ ಚಿಗುರುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ರೈತನು ಕತ್ತರಿಯಿಂದಲೇ ಋತುವನ್ನು ಕಲ್ಪಿಸಬೇಕು. ಏಪ್ರಿಲ್ ಸುಮಾರಿಗೆ ಒಮ್ಮೆ ಸವರಿದರೆ ಕಡ್ಡಿ ಬಲಿಯುವುದು. ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಸವರಿದರೆ ಹೂವು ಮೂಡಿ, ಫೆಬ್ರವರಿ-ಮಾರ್ಚಿಯಲ್ಲಿ ಹಣ್ಣಾಗುವುದು.

ಇನ್ನು ಉಷ್ಣದ ಲೆಕ್ಕ. ಕ್ಯಾಲಿಫೋರ್ನಿಯದ ಅಮೆರಿನ್ ಮತ್ತು ವಿಂಕ್ಲರ್ ಎಂಬ ವಿದ್ವಾಂಸರು 1944ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಬೆಳೆಯ ಕಾಲದ ಪ್ರತಿದಿನದ ಸರಾಸರಿ ಉಷ್ಣತೆಯಲ್ಲಿ 10 ಸೆಂಟಿಗ್ರೇಡ್ ಡಿಗ್ರಿಗೆ ಮೇಲ್ಪಟ್ಟುದನ್ನು ಕೂಡುತ್ತ ಹೋಗಿ, ಮೊತ್ತಕ್ಕೆ ಅನುಗುಣವಾಗಿ ಐದು ವಲಯಗಳನ್ನು ಏರ್ಪಡಿಸಿದರು. ಐದನೆಯದು, ಅತ್ಯಂತ ಸೆಕೆಯದು, ಸುಮಾರು 2,220ಕ್ಕೆ ಮೊದಲಾಗುತ್ತದೆ. ನಮ್ಮ ಸೀಮೆಯಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗಿನ 182 ದಿನಗಳಿಗೆ ಸರಾಸರಿ 24 ಡಿಗ್ರಿ ಎಂದು ಹಿಡಿದರೂ ಮೊತ್ತವು 2,548 ಆಗುವುದು. ಇಂಥ ಸೆಕೆಯಲ್ಲಿ ಹಣ್ಣಿನ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಉರಿದುಹೋಗುತ್ತದೆ. ಹುಳಿಯಿಲ್ಲದ ರಸದ ಮದ್ಯವು ಸಪ್ಪೆಯಾಗುವುದು. ಕ್ಯಾಬರ್ನೆ ಸೋವಿನ್ಯೋನ್, ಸೋವಿನ್ಯೋನ್ ಬ್ಲಾಂಕ್ ಮೊದಲಾದ ತಳಿಗಳು ತಂಪಾದ ಇರುಳನ್ನು ಬಯಸುವುದು ಇದರಿಂದಲೇ. 1988ರಲ್ಲಿ ಆರಂಭವಾದ ಗ್ರೋವರ್ ತೋಟವು ದೊಡ್ಡಬಳ್ಳಾಪುರದ ಎತ್ತರದ ನೆಲವನ್ನು, ನಂದಿಬೆಟ್ಟದ ಸೀಮೆಯನ್ನು, ಆರಿಸಿಕೊಂಡುದಕ್ಕೆ ಅರ್ಥವಿದೆ.

ಆದರೆ ಮದ್ಯಕ್ಕೆ ದೋಷವಾದುದೇ ಮನೂಕಕ್ಕೆ ಗುಣವಾಯಿತು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಸಹ್ಯಾದ್ರಿಯ ಮರೆಯಲ್ಲಿರುವ ಅಥಣಿಗೆ ಅದರ ಸಣ್ಣ ಪಾಲು ಮಾತ್ರವೇ ದಕ್ಕುತ್ತದೆ. ಹಣ್ಣು ಕೊಯ್ಯುವಾಗ ಬಿಸಿಲು ತೀಕ್ಷ್ಣ, ಗಾಳಿ ಒಣಕಲು. ಇಲ್ಲಿ ಹಬ್ಬಿರುವ ಥಾಮ್ಸನ್ ಬೀಜರಹಿತ ತಳಿಯು ಪಶ್ಚಿಮ ಏಷ್ಯದ ಕಿಶ್ಮಿಶ್ ಕುಲದ್ದು, ತೆಳುಸಿಪ್ಪೆಯದು, ಸಿಹಿಯಾದುದು. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟು ಬೆರೆತ ದ್ರಾವಣದಲ್ಲಿ ಅದ್ದಿ, ಸಿಪ್ಪೆಯ ಮೇಣವನ್ನು ಸಡಿಲಿಸಿ, ನೆರಳಿನ ಅಟ್ಟಣಿಗೆಗಳ ಮೇಲೆ ಸುಮಾರು ಎರಡು ವಾರ ಹರಡುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮನೂಕ ಸಿಗುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಾದೆಡೆ ಅಮೆರಿಕದ ಡಾಗ್‌ರಿಜ್ ಬುಡಕ್ಕೆ ಕಸಿಕಟ್ಟಿ ಬಳ್ಳಿಯನ್ನು ಉಳಿಸಿಕೊಳ್ಳುತ್ತಾರೆ.

2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಾಮದ್ಯಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿ, ನಂದಿಕಣಿವೆಯಂತೆ ಕೃಷ್ಣಾಕಣಿವೆಯನ್ನೂ ಗುರುತಿಸಿತು. ಇದು ಅಸಾಧ್ಯವಾದ ಕನಸೇನೂ ಅಲ್ಲ. ಶಿರಾಜ್, ಶೆನಿನ್ ಬ್ಲಾಂಕ್‌ಗಳಂತಹ ಸೆಕೆ ತಾಳುವ ತಳಿಗಳನ್ನು ನೆಟ್ಟು, ಹುಳಿ ಇಳಿಯುವ ಮುನ್ನ ಕೊಯ್ದರೆ ಉತ್ತಮ ರಸವೇ ದೊರಕೀತು. ಆದರೆ ಒಂದು ಭೇದವನ್ನು ಮರೆಯಲಾಗದು. ಮನೂಕವನ್ನು ಶೀತಗೃಹದಲ್ಲಿಟ್ಟು ಬೆಲೆಗಾಗಿ ಕಾಯಬಹುದು. ಮದ್ಯದ ಹಣ್ಣು ಒಂದು ವಾರವೂ ಕಾಯದು. ಕೊಳ್ಳುವ ಕಾರ್ಖಾನೆ ಕೈಬಿಟ್ಟರೆ, ತಿನ್ನಲು ಸಣ್ಣದೂ ಬೀಜದಿಂದ ತುಂಬಿದುದೂ ಆದ ಆ ಹಣ್ಣನ್ನು ಸಂತೆಯಲ್ಲಿ ಕೇಳುವವರು ವಿರಳ. ಬಳ್ಳಿಯೆಂದರೆ ಹಲವು ವರ್ಷಗಳ ಸಾಲ.

ಅಕ್ಟೋಬರ್-ನವೆಂಬರಿನ ಅಕಾಲವೃಷ್ಟಿಯಾದರೋ ಎರಡು ಬಗೆಯ ತೋಟಗಳಿಗೂ ಸಮಾನ ಶತ್ರು. ಎಳೆಚಿಗುರು ನೆನೆದರೆ ಬೂಜುರೋಗವು ಕೆಲವೇ ದಿನಗಳಲ್ಲಿ ವರ್ಷದ ಫಲವನ್ನು ಕಬಳಿಸುವುದು. ತಳಿಯನ್ನು ಆರಿಸುವುದು ಮನುಷ್ಯನ ಕೈಯಲ್ಲಿದೆ, ಹವೆಯನ್ನು ಆರಿಸುವುದು ಅವನ ಕೈಯಲ್ಲಿಲ್ಲ. ಹೊಸ ತಳಿಯನ್ನು ಹೊತ್ತು ತರುವವರು ಮೊದಲು ಆ ನೆಲದ ಇರುಳಿನ ತಂಪನ್ನು ಅಳೆಯಲಿ. ಅನಂತರ ರೈತನಿಗೆ ಭರವಸೆ ಕೊಡಲಿ. ನೆಲದ ಗುಣವನ್ನು ಕೇಳಿ ನೆಟ್ಟ ಬಳ್ಳಿಯೇ ನೆಟ್ಟವನ ಮನೆಯನ್ನು ಸಲಹುವುದು.