ಸೂರತ್‌ನ ದಿನಚರಿ, ಬರೋಡದ ಕಾರ್ಡು

ಸರ್ವರ್‌ಗಳು ತಮ್ಮ ಪಾಡಿಗೆ ಬರೆದಿಡುತ್ತಾ ಹೋಗುವ ದಾಖಲೆಗೆ ಲಾಗ್ ಎಂದು ಹೆಸರು. ಇಂಗ್ಲಿಷಿನಲ್ಲಿ ಲಾಗ್ ಎಂದರೆ ಮರದ ದಿಮ್ಮಿ. ಗಂಟುಗಳಿದ್ದ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ನೀರಿಗೆ ಬಿಟ್ಟು ಹಡಗಿನ ವೇಗ ಅಳೆಯುತ್ತಿದ್ದರು. ಆ ಲೆಕ್ಕ ಬರೆಯುವ ಪುಸ್ತಕ ಲಾಗ್‌ಬುಕ್ ಆಯಿತು. ಬರೆಯುವುದು ಸುಲಭ, ಬರೆದದ್ದನ್ನು ಹುಡುಕುವುದು ಕಷ್ಟ. ಗುಜರಾತಿನ ಎರಡು ಊರುಗಳ ಚರಿತ್ರೆಯಲ್ಲಿ ಈ ಕಷ್ಟ ಚೆನ್ನಾಗಿ ಕಾಣುತ್ತದೆ.

17ನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೂರತ್‌ನಲ್ಲಿ ಕೋಠಿ ತೆರೆಯಿತು. ಸಭೆಯ ತೀರ್ಮಾನಗಳೂ ದಿನದ ಆಗುಹೋಗುಗಳೂ ತಾರೀಖಿನ ಕ್ರಮದಲ್ಲಿ ದಾಖಲಾದವು. ಶಿವಾಜಿಯ ಮೊದಲ ದಾಳಿ ನಡೆದದ್ದು 1664ರ ಜನವರಿಯಲ್ಲಿ ಎಂದು ಗೊತ್ತಿದ್ದವರು ನೇರ ಆ ಕಾಲದ ಹಾಳೆಗಳಿಗೆ ಹೋಗಬಹುದು. ಆದರೆ ದೊಡ್ಡ ವರ್ತಕ ವೀರ್‌ಜಿ ವೋರಾನ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಕೇಳಿದರೆ ದಶಕಗಳ ಕಾಗದ ತಿರುವಬೇಕು. ವಿಲಿಯಂ ಫಾಸ್ಟರ್ 1906ರಿಂದ ಇಂಥ ದಾಖಲೆಗಳ ಸಾರವನ್ನು ಸಂಪುಟಗಳಾಗಿ ತಂದು ಪದಸೂಚಿ ಸೇರಿಸಿದ ಮೇಲೆ ಆ ಕೆಲಸ ನಿಮಿಷಗಳದ್ದಾಯಿತು.

ಬರೋಡದಲ್ಲಿ, ಅಂದರೆ ಇಂದಿನ ವಡೋದರಾದಲ್ಲಿ, ಸೂಚಿ ಮಾಡುವುದೇ ಒಂದು ಕಸುಬಾಯಿತು. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್‌ನನ್ನು ಕರೆಸಿದರು. ಆತ ಡ್ಯೂಯಿ ಮತ್ತು ಕಟರ್ ಇಬ್ಬರ ಪದ್ಧತಿಗಳನ್ನು ಬೆರೆಸಿ ಹೊಸ ವರ್ಗೀಕರಣ ರೂಪಿಸಿದ. 1911ರಲ್ಲಿ ಗ್ರಂಥಾಲಯದ ಕೆಲಸ ಕಲಿಸುವ ತರಗತಿಯನ್ನೂ ಆರಂಭಿಸಿದ. ಒಂದು ಪುಸ್ತಕಕ್ಕೆ ಲೇಖಕ, ಶೀರ್ಷಿಕೆ, ವಿಷಯ ಎಂದು ಹಲವು ಕಾರ್ಡು ಬರೆಯುವುದು ಇಂಥ ಪದ್ಧತಿಗಳ ರೂಢಿ. ಓದುಗನ ಸಮಯ ಉಳಿಯಲು ಗುಮಾಸ್ತ ಮೊದಲೇ ಕೈ ನೋಯಿಸಿಕೊಳ್ಳಬೇಕು.

ಲಾಗ್ ಹುಡುಕುವ ಇಂದಿನ ತಂತ್ರಾಂಶವೂ ಈ ಎರಡು ದಾರಿಗಳನ್ನೇ ಹಿಡಿಯುತ್ತದೆ. ಮೊದಲು ಕಾಲಾವಧಿ ಕಿರಿದು ಮಾಡಿ ಉಳಿದದ್ದನ್ನು ಮುಟ್ಟದೆ ಬಿಡುತ್ತದೆ. ಆಮೇಲೆ ಯಾವ ಪದ ಎಲ್ಲೆಲ್ಲಿದೆ ಎಂಬ ಸೂಚಿಯನ್ನು ನೋಡುತ್ತದೆ. ಎಲ್ಲಕ್ಕೂ ಸೂಚಿ ಕಟ್ಟಿದರೆ ಬರೆಯುವ ವೇಗ ಕುಗ್ಗುತ್ತದೆ, ಜಾಗ ತುಂಬುತ್ತದೆ. ಹಾಗಾಗಿ ಯಾವುದು ಬೇಕು, ಯಾವುದು ಬೇಡ ಎಂದು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ.

ಆ ತೀರ್ಮಾನಕ್ಕೆ ಬೆಲೆಯಿದೆ. ವೀರ್‌ಜಿ ವೋರಾ ಹೆಸರಿನಿಂದ ಸಿಗುತ್ತಾನೆ. ಹೆಸರಿಲ್ಲದೆ ದಾಖಲಾದ ನೇಕಾರನಾಗಲಿ ಹಮಾಲಿಯಾಗಲಿ ಹೆಸರಿನ ಸೂಚಿಯಲ್ಲಿ ಸಿಗಲಾರ. ಅವನನ್ನು ಕಾಣಬೇಕಾದವರು ಈಗಲೂ ಮೊದಲ ಪುಟದಿಂದ ಓದುತ್ತಾ ಬರಬೇಕು.